ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ಗುಣಮಟ್ಟ ಮಾಪನ: ಕುಂದಾಪುರ, ಬೈಂದೂರು, ಬ್ರಹ್ಮಾವರ

ಮಾನಸಿಕ ಕಾಯಿಲೆ ಬಂದವರಿಗೂ ಕುಡಿತ, ತಂಬಾಕು, ಮಾದಕ ವಸ್ತುಗಳ ಚಟಕ್ಕೆ ಸಿಲುಕಿದವರಿಗೂ ಒಂದು ಪ್ರದೇಶದಲ್ಲಿ ಸಿಗುವ ಆರೈಕೆ ಎಷ್ಟು ಜನರನ್ನು ಮುಟ್ಟುತ್ತಿದೆ, ಮುಟ್ಟಿದವರಿಗೆ ಸರಿಯಾದ ಚಿಕಿತ್ಸೆ ದೊರೆಯುತ್ತಿದೆಯೇ, ಅದರಿಂದ ಅವರ ಬದುಕು ಸುಧಾರಿಸುತ್ತಿದೆಯೇ, ಇಷ್ಟರ ನಡುವೆ ಅವರ ಮಾನ ಉಳಿದಿದೆಯೇ ಎಂದು ಲೆಕ್ಕಹಾಕಿ ನೋಡುವ ಕೆಲಸಕ್ಕೆ ಗುಣಮಟ್ಟ ಮಾಪನ ಎನ್ನುತ್ತಾರೆ. ಆಸ್ಪತ್ರೆಯ ಹೊರರೋಗಿ ಪುಸ್ತಕದಿಂದ ಇದರ ಒಂದು ತುಣುಕು ಮಾತ್ರ ತಿಳಿಯುತ್ತದೆ. ಉಳಿದದ್ದು ಮನೆಗಳಲ್ಲಿದೆ. ಉಡುಪಿ ಜಿಲ್ಲೆಯ ಉತ್ತರದ ಈ ಮೂರು ತಾಲೂಕುಗಳಿಗೆ ಈ ವಿಷಯದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಭಾರತದ ಹಳ್ಳಿಯೊಂದರಲ್ಲಿ ಮನೆಮನೆಗೆ ಹೋಗಿ ಮನಸ್ಸಿನ ನೋವನ್ನು ಕ್ರಮಬದ್ಧವಾಗಿ ಅಳೆದ ಮೊದಲ ತಲೆಮಾರಿನ ಅಧ್ಯಯನಗಳಲ್ಲೊಂದು ನಡೆದದ್ದು ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ.

ಪ್ರದೇಶ

1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾದಾಗ ಅದರಲ್ಲಿದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳು. 2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಪಡುವಲ ಅಂಚಿನಲ್ಲಿ ಕಡಲು, ಮೂಡಣ ಅಂಚಿನಲ್ಲಿ ಘಟ್ಟ, ನಡುವೆ ಉದ್ದಕ್ಕೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯ ಮೇಲಿನ ಊರುಗಳಿಗೆ ಬಸ್ಸಿನ ಕೊರತೆಯಿಲ್ಲ. ಕೊಲ್ಲೂರು, ಜಡ್ಕಲ್, ಹೊಸಂಗಡಿ, ಸಿದ್ದಾಪುರ ಕಡೆಯ ಒಳಊರುಗಳ ಕಥೆ ಬೇರೆ. ಕುಂದಾಪುರದಲ್ಲಿ ತಾಲೂಕು ಆಸ್ಪತ್ರೆಯಿದೆ, ಜಿಲ್ಲಾ ಆಸ್ಪತ್ರೆ ಉಡುಪಿಯ ಅಜ್ಜರಕಾಡಿನಲ್ಲಿದೆ. ಮನೋವೈದ್ಯ ವಿಭಾಗವಿರುವ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮಣಿಪಾಲದಲ್ಲಿ, ಮಾನಸಿಕ ಕಾಯಿಲೆ ಮತ್ತು ಮದ್ಯವ್ಯಸನದ ಚಿಕಿತ್ಸೆಗೆ ಹೆಸರಾದ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಉಡುಪಿಯ ದೊಡ್ಡಣಗುಡ್ಡೆಯಲ್ಲಿ. ಅಂದರೆ ತಜ್ಞ ಸೇವೆಯೆಲ್ಲ ಉಡುಪಿ ಮಣಿಪಾಲಗಳ ಸುತ್ತ ಕೂಡಿಕೊಂಡಿದೆ. ಬ್ರಹ್ಮಾವರದವರಿಗೆ ಅದು ಕೈಯಳತೆಯ ದೂರ, ಶಿರೂರಿನವರಿಗೆ ಒಂದು ದಿನದ ಕೂಲಿ. ಜಿಲ್ಲೆಗೆ ಒಂದೇ ಸರಾಸರಿ ತೆಗೆದು ಸೇವೆ ಚೆನ್ನಾಗಿದೆ ಎಂದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಕೋಟದ ಅಧ್ಯಯನ

1970ರ ದಶಕದ ಆರಂಭದ ಹೊತ್ತಿಗೆ ಎಡಿನ್‌ಬರೊ ವಿಶ್ವವಿದ್ಯಾಲಯದ ಮನೋವೈದ್ಯ ಜಿ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಮನೋವೈದ್ಯ ಆರ್.ಎಲ್. ಕಪೂರ್ ಕೋಟವನ್ನು ತಮ್ಮ ಕ್ಷೇತ್ರವಾಗಿ ಆರಿಸಿಕೊಂಡರು. ಇದರ ಫಲವಾಗಿ ಬಂದ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಗ್ರಂಥ 1976ರಲ್ಲಿ ಲಂಡನ್ನಿನ ಹೊಗಾರ್ತ್ ಪ್ರೆಸ್‌ನಿಂದ ಪ್ರಕಟವಾಯಿತು. ಬ್ರಾಹ್ಮಣರು, ಬಂಟರು ಮತ್ತು ಗ್ರಂಥದಲ್ಲಿ ಮೊಗೇರರೆಂದು ಕರೆಯಲಾಗಿರುವ ಮೀನುಗಾರರು ಎಂಬ ಮೂರು ಸಮುದಾಯಗಳ ವಯಸ್ಕರನ್ನು ಅವರು ಅಧ್ಯಯನಕ್ಕೆ ತೆಗೆದುಕೊಂಡರು. ಆಗಿನ ಕೋಟ ಬದಲಾವಣೆಯ ನಡುವಿನಲ್ಲಿತ್ತು. ಬಂಟರಲ್ಲಿಯೂ ಮೀನುಗಾರರಲ್ಲಿಯೂ ತಲೆಮಾರುಗಳಿಂದ ನಡೆದುಬಂದಿದ್ದ, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿ ಸಡಿಲಗೊಳ್ಳುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ನಂತರ ಕುಟುಂಬದ ಆಸ್ತಿ, ಮನೆಯ ಯಜಮಾನಿಕೆ, ಮಾವ ಅಳಿಯಂದಿರ ಸಂಬಂಧ ಎಲ್ಲವೂ ಹೊಸ ರೂಪ ತಳೆಯುತ್ತಿದ್ದವು. ಈ ಸ್ಥಿತ್ಯಂತರ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು.

ಅವರು ಮೊದಲು ಎದುರಿಸಿದ ತೊಡಕು ಅಳತೆಗೋಲಿನದು. ಪಶ್ಚಿಮದ ಆಸ್ಪತ್ರೆಗಳಿಗಾಗಿ ತಯಾರಾದ ಪ್ರಶ್ನಾವಳಿಯನ್ನು ತಂದು ಕೋಟದ ಜಗಲಿಯಲ್ಲಿ ಓದಿದರೆ ಉತ್ತರ ಸಿಗುವಂತಿರಲಿಲ್ಲ. ಇಲ್ಲಿ ಬೇಸರ, ಭಯಗಳು ಎದೆ ಡವಡವ, ಮೈ ಉರಿ, ನಿದ್ದೆಯಿಲ್ಲ, ಕೈಕಾಲು ಸೋಲು ಎಂಬ ಮಾತುಗಳಲ್ಲಿ ಹೊರಬರುತ್ತವೆ. ಮೈಮೇಲೆ ಬರುವುದನ್ನು ಕಾಯಿಲೆ ಎಂದು ಎಣಿಸಬೇಕೇ ಬೇಡವೇ ಎಂಬ ಪ್ರಶ್ನೆಯೂ ಇತ್ತು. ಆರ್.ಎಲ್. ಕಪೂರ್, ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಸೇರಿ ಭಾರತೀಯ ಮನೋವೈದ್ಯಕೀಯ ಸಂದರ್ಶನ ಪಟ್ಟಿ ಮತ್ತು ಭಾರತೀಯ ಮನೋವೈದ್ಯಕೀಯ ಸಮೀಕ್ಷಾ ಪಟ್ಟಿ ಎಂಬ ಎರಡು ಸಾಧನಗಳನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ನೂರಕ್ಕೂ ಹೆಚ್ಚು ಲಕ್ಷಣಗಳನ್ನು ಹಂತಹಂತವಾಗಿ ವಿಚಾರಿಸುವ ಈ ಪಟ್ಟಿಗಳು ಮುಂದೆ ದೇಶದ ಇತರ ಸಮೀಕ್ಷೆಗಳಲ್ಲೂ ಬಳಕೆಗೆ ಬಂದವು. ಒಂದು ಕರಾವಳಿ ಹಳ್ಳಿಯ ನೋವನ್ನು ಕೇಳಿಸಿಕೊಳ್ಳಲು ಮಾಡಿದ ಪ್ರಯತ್ನದಿಂದ ಭಾರತದ ಮನೋವೈದ್ಯಕ್ಕೆ ತನ್ನದೇ ಆದ ಅಳತೆಗೋಲು ದಕ್ಕಿತು. ಈ ಸಂಗತಿ ಕರಾವಳಿಯಲ್ಲೇ ಇನ್ನೂ ಹೆಚ್ಚು ಪರಿಚಿತವಾಗಬೇಕು.

ಲಕ್ಷಣ ಇರುವುದು ಬೇರೆ, ನೆರವಿನ ಅಗತ್ಯ ಇರುವುದು ಬೇರೆ ಎಂಬ ಭೇದವನ್ನು ಕೋಟದ ಅಧ್ಯಯನ ಗಂಭೀರವಾಗಿ ತೆಗೆದುಕೊಂಡಿತು. ನಿದ್ದೆ ಕೆಟ್ಟವರೆಲ್ಲ ರೋಗಿಗಳಲ್ಲ. ದಿನಗೆಲಸ ನಡೆಯುತ್ತಿದೆಯೇ, ಸಂಸಾರದಲ್ಲಿ ಹೊಂದಿಕೊಂಡಿದ್ದಾರೆಯೇ, ಸಂಕಟ ಸಹಿಸಲಾಗದೆ ಯಾರ ಬಳಿಗಾದರೂ ಹೋಗಿದ್ದಾರೆಯೇ ಎಂಬುದನ್ನೂ ಸೇರಿಸಿ ನೋಡಿದಾಗ ಒಂದು ಊರಿಗೆ ನಿಜವಾಗಿ ಎಷ್ಟು ಸೇವೆ ಬೇಕು ಎಂಬ ಅಂದಾಜು ಸಿಗುತ್ತದೆ. ಈ ಅಂದಾಜು ಕೈಯಲ್ಲಿಲ್ಲದೆ ಗುಣಮಟ್ಟದ ಯಾವ ಲೆಕ್ಕವೂ ಪೂರ್ಣವಾಗದು. ಎಷ್ಟು ಜನರಿಗೆ ಚಿಕಿತ್ಸೆ ಕೊಟ್ಟೆವು ಎಂಬ ಸಂಖ್ಯೆಯ ಕೆಳಗೆ ಎಷ್ಟು ಜನರಿಗೆ ಬೇಕಿತ್ತು ಎಂಬ ಛೇದ ಇರಲೇಬೇಕು.

ಕಪೂರ್ 1975ರಲ್ಲಿ ಬ್ರಿಟಿಷ್ ಮನೋವೈದ್ಯ ಪತ್ರಿಕೆಯೊಂದರಲ್ಲಿ ಬರೆದ ಲೇಖನ ಇನ್ನೊಂದು ಮುಖವನ್ನು ತೋರಿಸುತ್ತದೆ. ಕೋಟದ ಜನ ಮನಸ್ಸಿನ ತೊಂದರೆಗೆ ಯಾರ ಬಳಿಗೆ ಹೋಗುತ್ತಾರೆಂದು ವಿಚಾರಿಸಿದ ಅವರು ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಂದು ಮೂರು ಬಗೆಯ ಸಾಂಪ್ರದಾಯಿಕ ಚಿಕಿತ್ಸಕರನ್ನು ಗುರುತಿಸಿದರು. ನಾಟಿ ಮದ್ದು ಕೊಡುವವರು ಒಬ್ಬರು, ಗ್ರಹಗತಿ ನೋಡಿ ನೂಲು ತಾಯಿತ ಕಟ್ಟುವವರು ಇನ್ನೊಬ್ಬರು, ದರ್ಶನದಲ್ಲಿ ದೈವದ ಮಾತು ನುಡಿಯುವವರು ಮತ್ತೊಬ್ಬರು. ಜನ ಇವರ ಬಳಿಗೂ ಹೋಗುತ್ತಿದ್ದರು, ಇಂಗ್ಲಿಷ್ ಮದ್ದಿನ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಎರಡರ ನಡುವೆ ಅವರಿಗೆ ವಿರೋಧ ಕಾಣುತ್ತಿರಲಿಲ್ಲ. ಈ ನಡವಳಿಕೆ ಇಂದಿಗೂ ಅಳಿದಿಲ್ಲ. ಹಾಗಾಗಿ ಕಾಯಿಲೆ ಶುರುವಾದಂದಿನಿಂದ ಮೊದಲ ಸರಿಯಾದ ಚಿಕಿತ್ಸೆಯವರೆಗೆ ಎಷ್ಟು ತಿಂಗಳು ಕಳೆದವು, ಅಷ್ಟರಲ್ಲಿ ಯಾರ ಯಾರ ಬಾಗಿಲು ತಟ್ಟಿ ಬಂದರು ಎಂಬುದು ಇಲ್ಲಿನ ಯಾವುದೇ ಮಾಪನದಲ್ಲೂ ಮೊದಲ ಪ್ರಶ್ನೆಗಳಲ್ಲಿ ಸೇರಬೇಕು. ಪಾತ್ರಿಯ ಬಳಿ ಹೋದವರನ್ನು ಹಂಗಿಸಿ ಪಡೆದ ಉತ್ತರ ಸುಳ್ಳಾಗಿರುತ್ತದೆ.

ಅಧ್ಯಯನಕ್ಕೆ ಮಿತಿಯೂ ಇತ್ತು. ಮೂರು ಸಮುದಾಯಗಳಾಚೆಯ ಕೋಟ ಅದರ ಎಣಿಕೆಗೆ ಬರಲಿಲ್ಲ. ಉಡುಪಿ ಜಿಲ್ಲೆಯಲ್ಲಿ ವಾಸಿಸುವ, ಕೇಂದ್ರ ಸರಕಾರ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವ ಕೊರಗರಂಥವರ ಹಾಡಿಗಳಿಗೆ ಸೇವೆ ತಲುಪುತ್ತಿದೆಯೇ ಎಂದು ತಿಳಿಯಲು ಪ್ರತ್ಯೇಕ ಲೆಕ್ಕವೇ ಬೇಕು. ಸಾಮಾನ್ಯ ಸರಾಸರಿಯಲ್ಲಿ ಅವರು ಕಾಣಿಸುವುದೇ ಇಲ್ಲ.

ರಾಜ್ಯದ, ದೇಶದ ಹಿನ್ನೆಲೆ

ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. 1974ರಲ್ಲಿ ಈಗಿನ ರೂಪ ಪಡೆದ ಆ ಸಂಸ್ಥೆ ಮರುವರ್ಷ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮನೋವೈದ್ಯದ ಪ್ರಯೋಗ ಆರಂಭಿಸಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಯನ್ನು ಗುರುತಿಸಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಚಿಕಿತ್ಸೆ ನೀಡಬಹುದು ಎಂಬುದನ್ನು ಅಲ್ಲಿ ಪರೀಕ್ಷಿಸಲಾಯಿತು. ಇದನ್ನು ಇಡೀ ಜಿಲ್ಲೆಗೆ ಹಿಗ್ಗಿಸಿದ ಬಳ್ಳಾರಿ ಪ್ರಯೋಗ 1985ರಿಂದ 1990ರವರೆಗೆ ನಡೆಯಿತು. ತರಬೇತಿ, ಕೇಂದ್ರಗಳಲ್ಲೇ ಮಾತ್ರೆ, ಸರಳವಾದ ದಾಖಲೆ ಪದ್ಧತಿ, ತಿಂಗಳಿಗೊಮ್ಮೆ ಪರಿಶೀಲನೆ ಎಂಬ ಅದರ ಅಂಗಗಳನ್ನೇ ಇಟ್ಟುಕೊಂಡು 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬಳ್ಳಾರಿಯ ಯಶಸ್ಸನ್ನು ಬಣ್ಣಿಸುವಾಗ ತರಬೇತಿಯ ಮಾತೇ ಮುಂದೆ ಬರುತ್ತದೆ. ಆ ಸರಳ ದಾಖಲೆ ಪದ್ಧತಿ ಅಷ್ಟೇ ಮುಖ್ಯವಾಗಿತ್ತು. ಕಳೆದ ತಿಂಗಳು ಬಂದವರು ಈ ತಿಂಗಳು ಯಾಕೆ ಬರಲಿಲ್ಲ ಎಂದು ಕೇಳಲು ಅದರಿಂದ ಸಾಧ್ಯವಾಯಿತು.

ದೊಡ್ಡ ಮಾನಸಿಕ ಆಸ್ಪತ್ರೆಗಳ ಗುಣಮಟ್ಟವನ್ನು ದೇಶ ನೇರವಾಗಿ ನೋಡಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮೂಲಕ. ನಿಮ್ಹಾನ್ಸ್‌ನ ಎಸ್.ಎಂ. ಚನ್ನಬಸವಣ್ಣ ಮತ್ತು ಸಹೋದ್ಯೋಗಿಗಳು ಆಯೋಗಕ್ಕಾಗಿ 37 ಆಸ್ಪತ್ರೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ವರದಿ 1999ರಲ್ಲಿ ಹೊರಬಂತು. ಜೈಲಿನಂತಹ ಕಟ್ಟಡ, ಸಿಬ್ಬಂದಿಯ ಕೊರತೆ, ರೋಗಿಗಳನ್ನು ಕೂಡಿಹಾಕುವ ಪರಿಪಾಠಗಳನ್ನು ಅದು ಬಯಲಿಗೆ ತಂದಿತು. ಎರಡು ವರ್ಷಗಳ ನಂತರ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರವಾಡಿಯ ಖಾಸಗಿ ಆಶ್ರಯವೊಂದರಲ್ಲಿ ಬೆಂಕಿ ಬಿದ್ದು ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಸತ್ತರು. ನೋಂದಣಿ, ತಪಾಸಣೆಗಳಿಲ್ಲದ ಆರೈಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದಾರುಣ ಸಾಕ್ಷಿ ಬೇಡ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ಆರೈಕೆ ಪಡೆಯುವುದು ಹಕ್ಕು ಎಂದು ಅದು ಹೇಳಿತು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿತು. ಹೀಗಾಗಿ ವ್ಯಸನಮುಕ್ತಿ ಕೇಂದ್ರಗಳೂ ನೋಂದಣಿ ಮತ್ತು ಕನಿಷ್ಠ ಮಾನದಂಡಗಳ ವ್ಯಾಪ್ತಿಗೆ ಬರುತ್ತವೆ. ಆದರೆ ವ್ಯಸನದ ಕೆಲಸ ಕೇಂದ್ರ ಸರಕಾರದಲ್ಲಿ ಎರಡು ಸಚಿವಾಲಯಗಳ ನಡುವೆ ಹಂಚಿಹೋಗಿದೆ. ಆರೋಗ್ಯ ಸಚಿವಾಲಯಕ್ಕೆ ಒಂದು ಯೋಜನೆ, ಪುನರ್ವಸತಿ ಕೇಂದ್ರಗಳಿಗೆ ಅನುದಾನ ಕೊಡುವ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ಇನ್ನೊಂದು. ಒಬ್ಬನೇ ಮನುಷ್ಯನ ಕುಡಿತ ಒಂದು ಕಡತದಲ್ಲಿ, ಅವನ ಖಿನ್ನತೆ ಮತ್ತೊಂದು ಕಡತದಲ್ಲಿ ಉಳಿಯುವ ಅಪಾಯ ಇಲ್ಲಿದೆ.

ಕರ್ನಾಟಕ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಚಿಕಿತ್ಸಾಲಯದ ವ್ಯವಸ್ಥೆಯಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ 14416 ದೇಶಾದ್ಯಂತ ಲಭ್ಯವಿದೆ. ಈ ಸೇವೆಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವುದು ಇಷ್ಟು ಕರೆ ಬಂತು, ಇಷ್ಟು ಜನ ಬಂದರು ಎಂಬ ಲೆಕ್ಕ. ಕರೆ ಮಾಡಿದವರಲ್ಲಿ ಎಷ್ಟು ಮಂದಿ ಹತ್ತಿರದ ಆಸ್ಪತ್ರೆಯನ್ನು ಮುಟ್ಟಿದರು ಎಂಬ ಲೆಕ್ಕ ಇದಕ್ಕಿಂತ ಹೆಚ್ಚು ಹೇಳುತ್ತದೆ.

ಅಳತೆಯ ಚೌಕಟ್ಟು

ಆರೋಗ್ಯ ಸೇವೆಯ ಗುಣಮಟ್ಟವನ್ನು ಸೌಕರ್ಯ, ಕ್ರಮ, ಫಲ ಎಂದು ಮೂರಾಗಿ ನೋಡುವ ಪದ್ಧತಿಯನ್ನು 1966ರಲ್ಲಿ ಕೊಟ್ಟವರು ಅವೆಡಿಸ್ ಡೊನಬೆಡಿಯನ್. ಕಟ್ಟಡ, ವೈದ್ಯರು, ಮಾತ್ರೆಗಳು ಸೌಕರ್ಯ. ಸರಿಯಾದ ರೋಗನಿರ್ಣಯ, ಸರಿಯಾದ ಪ್ರಮಾಣದ ಔಷಧಿ, ಆಪ್ತಸಮಾಲೋಚನೆ, ಮರುಭೇಟಿ ಇವು ಕ್ರಮ. ರೋಗಿ ಚೇತರಿಸಿಕೊಂಡದ್ದು, ಕೆಲಸಕ್ಕೆ ಮರಳಿದ್ದು, ಬದುಕಿ ಉಳಿದದ್ದು ಫಲ. ಸರಕಾರಿ ತಪಾಸಣೆಗಳು ಸೌಕರ್ಯದ ಮಟ್ಟದಲ್ಲೇ ನಿಲ್ಲುವುದು ಹೆಚ್ಚು, ಯಾಕೆಂದರೆ ಅದನ್ನು ಎಣಿಸುವುದು ಸುಲಭ.

ಈ ಮೂರು ತಾಲೂಕುಗಳಿಗೆ ಇನ್ನೂ ಚೆನ್ನಾಗಿ ಒಪ್ಪುವುದು ಟಿ. ತನಹಾಷಿ 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ವಿವರಿಸಿದ ಐದು ಮೆಟ್ಟಿಲು. ಸೇವೆ ಇದೆಯೇ, ಅದರ ಬಳಿಗೆ ಹೋಗಲು ಆಗುತ್ತದೆಯೇ, ಜನ ಅದನ್ನು ಒಪ್ಪುತ್ತಾರೆಯೇ, ನಿಜವಾಗಿ ಹೋದರೇ, ಹೋದದ್ದರಿಂದ ಪ್ರಯೋಜನವಾಯಿತೇ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಜನ ಉದುರಿಹೋಗುತ್ತಾರೆ. ಕುಂದಾಪುರದಲ್ಲಿ ಮಂಗಳವಾರ ವೈದ್ಯರು ಕೂತಿದ್ದರೆ ಮೊದಲ ಮೆಟ್ಟಿಲು ಆಯಿತು. ಮುದೂರಿನಿಂದ ಕಾಯಿಲೆಯ ಮಗನನ್ನು ಕರೆದುಕೊಂಡು ಬರುವ ತಾಯಿಗೆ ಎರಡು ಬಸ್ಸು ಬದಲಿಸಬೇಕು, ಮನೆಯ ದನಕರು ನೋಡಲು ಯಾರನ್ನಾದರೂ ಒಪ್ಪಿಸಬೇಕು, ಅದು ಎರಡನೆಯದು. ಹೊರರೋಗಿ ಸಾಲಿನಲ್ಲಿ ಊರಿನವರು ಕಂಡರೆ ಮಗಳ ಮದುವೆಯ ಮಾತುಕತೆ ಮುರಿದೀತು ಎಂಬ ಅಂಜಿಕೆ ಮೂರನೆಯದು. ಹೋದಾಗ ಮಾತ್ರೆ ಒಂದು ವಾರಕ್ಕೆ ಮಾತ್ರ ಸಿಕ್ಕಿದರೆ ಐದನೆಯ ಮೆಟ್ಟಿಲು ಎಟುಕುವುದಿಲ್ಲ. ಯಾವ ಮೆಟ್ಟಿಲಲ್ಲಿ ಹೆಚ್ಚು ಜನ ಉದುರುತ್ತಿದ್ದಾರೆಂದು ತಾಲೂಕುವಾರು ತಿಳಿದರೆ ಹಣವನ್ನು ಎಲ್ಲಿ ಹಾಕಬೇಕೆಂಬುದೂ ತಿಳಿಯುತ್ತದೆ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಚಿಕಿತ್ಸಾ ಅಂತರವನ್ನು ಹೀಗೆಯೇ ಲೆಕ್ಕಹಾಕಿತು. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿಗೆ ಯಾವುದಾದರೂ ಮಾನಸಿಕ ಕಾಯಿಲೆ ಇತ್ತು. ಖಿನ್ನತೆ, ಆತಂಕಗಳಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ಶೇ. 85, ಮದ್ಯವ್ಯಸನದ ತೊಂದರೆ ಇದ್ದವರಲ್ಲಿ ಶೇ. 86.3, ತಂಬಾಕಿನ ಚಟವಿದ್ದವರಲ್ಲಿ ಶೇ. 91.8 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಮೊದಲ ಸುತ್ತಿನ ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಆದ್ದರಿಂದ ಈ ಅಂಕಿಗಳನ್ನು ಹಾಗೆಯೇ ಕುಂದಾಪುರಕ್ಕೆ ಅಂಟಿಸುವಂತಿಲ್ಲ. ಅವು ಕೇಳಬೇಕಾದ ಪ್ರಶ್ನೆಯ ಗಾತ್ರವನ್ನು ತೋರಿಸುತ್ತವೆ.

ಮರುಭೇಟಿಯ ಲೆಕ್ಕದಲ್ಲಿ ಕರಾವಳಿಗೇ ವಿಶಿಷ್ಟವಾದ ಒಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಗಂಗೊಳ್ಳಿಯ ಬೋಟುಗಳು ದಕ್ಕೆಯಲ್ಲಿರುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ. ಯಕ್ಷಗಾನ ಮೇಳಗಳ ತಿರುಗಾಟದ ಕಲಾವಿದರು ಮಳೆಗಾಲಕ್ಕೆ ಊರಿಗೆ ಮರಳುತ್ತಾರೆ. ಬೆಂಗಳೂರು, ಮುಂಬಯಿ ಹೋಟೆಲುಗಳಲ್ಲಿ ದುಡಿಯುವವರು ಹಬ್ಬಕ್ಕೋ ಗೆಂಡಸೇವೆಗೋ ಬರುತ್ತಾರೆ. ಬೆಂಗಳೂರಿನಲ್ಲೇ ಮಾತ್ರೆ ಕೊಂಡು ಚೆನ್ನಾಗಿರುವ ಹುಡುಗ ಇಲ್ಲಿನ ಪುಸ್ತಕದಲ್ಲಿ ಚಿಕಿತ್ಸೆ ಬಿಟ್ಟವನೆಂದು ದಾಖಲಾಗುತ್ತಾನೆ. ಹಾಗಾಗಿ ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸುವುದಕ್ಕಿಂತ ಹಿಂದಿನ ವರ್ಷದ ಇದೇ ತಿಂಗಳ ಜೊತೆ ಹೋಲಿಸುವುದು ಸರಿ. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯ ಮೂಲಕ ಒಂದು ವಿಚಾರಣೆ ಹೋದರೆ ಬಿಟ್ಟವರು ಯಾರು, ಊರು ಬದಲಿಸಿದವರು ಯಾರು ಎಂಬುದು ಬೇರೆಬೇರೆಯಾಗುತ್ತದೆ.

ಶ್ರೀಮಂತ ದೇಶಗಳಲ್ಲಿ ಮಾನಸಿಕ ವಿಭಾಗದಿಂದ ಬಿಡುಗಡೆಯಾದವರಲ್ಲಿ ಏಳು ದಿನಗಳೊಳಗೆ, ಮೂವತ್ತು ದಿನಗಳೊಳಗೆ ಎಷ್ಟು ಮಂದಿ ಮತ್ತೆ ವೈದ್ಯರನ್ನು ಕಂಡರು, ಬಿಡುಗಡೆಯ ಒಂದು ವರ್ಷದೊಳಗೆ ಎಷ್ಟು ಮಂದಿ ಆತ್ಮಹತ್ಯೆ ಮಾಡಿಕೊಂಡರು ಎಂಬುದು ಗುಣಮಟ್ಟದ ಪ್ರಮುಖ ಸೂಚಕಗಳು. ಬಿಡುಗಡೆಯ ನಂತರದ ಮೊದಲ ವಾರಗಳೇ ಜೀವಕ್ಕೆ ಅತಿ ಅಪಾಯದವು ಎಂಬ ಅನುಭವ ಇದರ ಹಿಂದಿದೆ. ಇಲ್ಲಿ ಮಣಿಪಾಲದಲ್ಲೋ ಉಡುಪಿಯಲ್ಲೋ ಒಳರೋಗಿಯಾಗಿದ್ದವರು ಬೈಂದೂರಿನ ಮನೆಗೆ ಮರಳುತ್ತಾರೆ. ಅವರ ಒಪ್ಪಿಗೆ ಪಡೆದು ಊರಿನ ಆರೋಗ್ಯ ಕೇಂದ್ರಕ್ಕೆ ಒಂದು ಚೀಟಿ ಹೋಗುವ ವ್ಯವಸ್ಥೆ ಇದ್ದರೆ ಮಾತ್ರ ಆ ಏಳು ದಿನಗಳ ಲೆಕ್ಕ ಸಾಧ್ಯ.

ವ್ಯಸನ ಚಿಕಿತ್ಸೆ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ನೆರವು ಸಿಕ್ಕಿತ್ತು, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಕರಾವಳಿಯಲ್ಲಿ ಈ ಕೊರತೆಯನ್ನು ಒಂದಷ್ಟು ತುಂಬಿದ್ದು ಶಿಬಿರಗಳು. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಜನಜಾಗೃತಿ ವೇದಿಕೆಯ ಜೊತೆಗೂಡಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರ ಇವುಗಳಲ್ಲಿ ಹೆಚ್ಚು ಪರಿಚಿತ. ಊರಿನದೇ ಸಮಿತಿ, ಊರಿನದೇ ಸಭಾಭವನ, ಮನೆಯವರ ಪಾಲ್ಗೊಳ್ಳುವಿಕೆ, ಆಮೇಲೆ ಕುಡಿತ ಬಿಟ್ಟವರೇ ಸೇರಿ ಮಾಡಿಕೊಳ್ಳುವ ನವಜೀವನ ಸಮಿತಿ ಇದರ ಲಕ್ಷಣಗಳು. ಉಡುಪಿಯ ಬಾಳಿಗಾ ಆಸ್ಪತ್ರೆಯಲ್ಲಿ ಮನೋವೈದ್ಯ ಪಿ.ವಿ. ಭಂಡಾರಿ ಮತ್ತು ತಂಡದವರು ನಡೆಸುವ ವಸತಿ ಶಿಬಿರಗಳು ಆಸ್ಪತ್ರೆಯೊಳಗಿನ ಮಾದರಿ. ಮದ್ಯವ್ಯಸನಿಗಳ ಸ್ವಸಹಾಯ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಮೂರನೆಯ ದಾರಿ. ಊರೇ ಎದ್ದುನಿಂತು ಒಬ್ಬ ಕುಡುಕನನ್ನು ಅಣ್ಣಾ ಎಂದು ಕರೆದು ಒಳಗೆ ಕೂರಿಸಿಕೊಳ್ಳುವುದಕ್ಕೆ ಯಾವ ಮಾತ್ರೆಯೂ ಸಮನಲ್ಲ. ಅಷ್ಟು ಒಳ್ಳೆಯ ಕೆಲಸ ಸರಿಯಾದ ಅಳತೆಗೂ ಅರ್ಹ.

ಮೊದಲ ಅಳತೆ ಜೀವದ ಸುರಕ್ಷತೆ. ಬಹುಕಾಲ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದಾಗ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿದಂತಾಗಿ, ಇಲ್ಲದ್ದು ಕಂಡು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಸೇರುವ ಮುನ್ನ ವೈದ್ಯಕೀಯ ತಪಾಸಣೆ ಆಯಿತೇ, ಹಿಂದೆ ಫಿಟ್ಸ್ ಬಂದವರನ್ನು ಆಸ್ಪತ್ರೆಗೆ ಕಳಿಸಲಾಯಿತೇ, ರಾತ್ರಿ ಹೊತ್ತು ದಾದಿಯೋ ವೈದ್ಯರೋ ಇದ್ದರೇ, ಥಯಾಮಿನ್ ಜೀವಸತ್ವ ಕೊಡಲಾಯಿತೇ ಎಂಬ ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಇಲ್ಲದ ಕಡೆ ಮುಂದಿನ ಯಾವ ಅಂಕಿಯನ್ನೂ ಕೇಳಬೇಕಾಗಿಲ್ಲ. ಜೊತೆಗೆ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಯ ವಿಚಾರಣೆ ನಡೆಯಬೇಕು. ಕುಡಿತ ನಿಂತ ಮೇಲೆ ಬೀಡಿ ಎರಡರಷ್ಟಾಯಿತೇ ಎಂಬುದನ್ನೂ ಬರೆದಿಡಬೇಕು.

ಎರಡನೆಯದು ಯಶಸ್ಸಿನ ಲೆಕ್ಕ. ಒಂದು ಶಿಬಿರಕ್ಕೆ 60 ಮಂದಿ ಸೇರಿದ್ದರು, ವರ್ಷದ ನಂತರ 40 ಮಂದಿ ಸಂಪರ್ಕಕ್ಕೆ ಸಿಕ್ಕರು, ಅವರಲ್ಲಿ 20 ಮಂದಿ ಕುಡಿದಿಲ್ಲ ಎಂದುಕೊಳ್ಳಿ. ಸಿಕ್ಕವರನ್ನಷ್ಟೇ ಎಣಿಸಿದರೆ ಅರ್ಧಕ್ಕರ್ಧ ಗೆಲುವು. ಸೇರಿದವರೆಲ್ಲರನ್ನೂ ಎಣಿಸಿದರೆ ಮೂರರಲ್ಲೊಂದು. ಎರಡನೆಯ ಲೆಕ್ಕವೇ ಪ್ರಾಮಾಣಿಕ, ಯಾಕೆಂದರೆ ಮುಖ ತಪ್ಪಿಸುವವರಲ್ಲಿ ಹೆಚ್ಚಿನವರು ಮತ್ತೆ ಕುಡಿಯಲು ಶುರು ಮಾಡಿದವರೇ. ಕೊನೆಯ ದಿನದ ಪ್ರಮಾಣವಚನದ ಸಂಖ್ಯೆ ಫಲದ ಲೆಕ್ಕವಾಗದು. ಮೂರು, ಆರು, ಹನ್ನೆರಡು ತಿಂಗಳಿಗೆ ವ್ಯಕ್ತಿಯನ್ನೂ ಮನೆಯವರನ್ನೂ ಬೇರೆಬೇರೆಯಾಗಿ ಕೇಳಿದಾಗ ಸತ್ಯಕ್ಕೆ ಹತ್ತಿರವಾದ ಉತ್ತರ ಸಿಗುತ್ತದೆ.

ಮೂರನೆಯದು, ಏನನ್ನು ಗೆಲುವು ಎನ್ನಬೇಕು. ಪೂರ್ಣ ವರ್ಜನೆ ಒಂದು ಗುರಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಆಡಿಟ್ ಪಟ್ಟಿಯಲ್ಲಿ ಅಂಕ ಎಂಟಕ್ಕಿಂತ ಕೆಳಗಿಳಿಯುವುದನ್ನು ಕೆಲವು ಅಧ್ಯಯನಗಳು ಚೇತರಿಕೆ ಎನ್ನುತ್ತವೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಡಾಕ್ಟರುಗಳಲ್ಲದ ತರಬೇತಾದ ಸ್ಥಳೀಯರು ಆಪ್ತಸಮಾಲೋಚನೆ ನೀಡಿದ ಗುಂಪಿನಲ್ಲಿ ಮೂರು ತಿಂಗಳಿಗೆ ಶೇ. 36ರಷ್ಟು, ಅದಿಲ್ಲದ ಗುಂಪಿನಲ್ಲಿ ಶೇ. 26ರಷ್ಟು ಮಂದಿ ಈ ಅಳತೆಯಲ್ಲಿ ಚೇತರಿಸಿಕೊಂಡರು. ಹೋಲಿಕೆಗೆ ಇನ್ನೊಂದು ಗುಂಪು ಇದ್ದದ್ದರಿಂದ ಸಮಾಲೋಚನೆಯಿಂದ ಸಿಕ್ಕ ಲಾಭ ಎಷ್ಟೆಂದು ತಿಳಿಯಿತು. ನಮ್ಮ ಶಿಬಿರಗಳಿಗೆ ಇಂಥ ಹೋಲಿಕೆಯ ಅಧ್ಯಯನ ಬೇಕು. ಇದರ ಜೊತೆಗೆ ಹೆಂಡತಿ ಮಕ್ಕಳ ಮೇಲೆ ಕೈಮಾಡುವುದು ನಿಂತಿತೇ, ದುಡಿದದ್ದು ಮನೆಗೆ ಬರುತ್ತಿದೆಯೇ ಎಂಬ ಪ್ರಶ್ನೆಗಳನ್ನು ಹೆಂಗಸರು ಮೊದಲು ಕೇಳುತ್ತಾರೆ. ಸ್ವಸಹಾಯ ಸಂಘಗಳ ಮಹಿಳೆಯರೇ ಸೇರಿ ಆ ಪಟ್ಟಿ ತಯಾರಿಸಿದರೆ ಅದು ತಜ್ಞರ ಪಟ್ಟಿಗಿಂತ ಕಡಿಮೆಯದಾಗದು. ಕುಡಿಯುವ ಹೆಣ್ಣುಮಕ್ಕಳಿಗಂತೂ ಗಂಡಸರ ಶಿಬಿರದಲ್ಲಿ ಜಾಗವಿಲ್ಲ. ಅವರ ಸಂಖ್ಯೆ ಸೊನ್ನೆ ಎಂದು ಬರೆದಿದ್ದರೆ ಅದನ್ನು ಸೇವೆಯ ಕೊರತೆ ಎಂದೇ ಓದಬೇಕು.

ಮತ್ತೆ ಕುಡಿದವರನ್ನು ಶಿಬಿರದ ಸೋಲೆಂದು ಎಣಿಸುವುದೂ ತಪ್ಪು. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಮರುಕಳಿಸಿದ ಮೇಲೆ ಎಷ್ಟು ದಿನದಲ್ಲಿ ಮರಳಿ ನೆರವು ಕೇಳಲು ಬಂದರು ಎಂಬುದು ಆ ಸೇವೆಯ ಮೇಲೆ ಅವರಿಗಿರುವ ವಿಶ್ವಾಸದ ನಿಜವಾದ ಅಳತೆ.

ಕೆಲಸ, ಸಂಸಾರ, ಹಕ್ಕು

ಸ್ಕಿಜೋಫ್ರೇನಿಯಾದಂಥ ದೀರ್ಘ ಕಾಯಿಲೆಗಳಲ್ಲಿ ಲಕ್ಷಣ ಕಡಿಮೆಯಾಯಿತೇ ಎಂಬುದಕ್ಕಿಂತ ಮನುಷ್ಯ ಏನು ಮಾಡಬಲ್ಲವನಾದ ಎಂಬುದು ಮುಖ್ಯ. ಇದಕ್ಕೆ ಭಾರತದಲ್ಲಿ ಬಳಸುವ ಐಡಿಯಾಸ್ ಎಂಬ ಅಳತೆಪಟ್ಟಿ ತನ್ನ ಆರೈಕೆ, ಜನರೊಡನೆ ಸಂಬಂಧ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಬಾಬುಗಳಲ್ಲಿ ಅಂಕ ಕೊಡುತ್ತದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಇದೇ ಆಧಾರ. ಘಟ್ಟದ ಮೇಲಿನ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ತಂಡ ಈ ಪಟ್ಟಿಯನ್ನೇ ಹಿಡಿದು ಸ್ಕಿಜೋಫ್ರೇನಿಯಾ ಇದ್ದವರನ್ನು ಊರೂರಲ್ಲಿ ಹುಡುಕಿ, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಕಾಲಾನುಕ್ರಮದಲ್ಲಿ ಹೋಲಿಸಿತು. ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಕಡಿಮೆಯಾದದ್ದು ಕಂಡುಬಂತು. ದೊಡ್ಡ ಆಸ್ಪತ್ರೆಯ ನೆರಳಿಲ್ಲದ ಮಲೆನಾಡಿನ ತಾಲೂಕಿನಲ್ಲಿ ಇದು ಆಗಿರುವಾಗ ಪಕ್ಕದ ಕುಂದಾಪುರದಲ್ಲಿ ಆಗಲಾರದು ಎನ್ನಲು ಕಾರಣವಿಲ್ಲ.

ಹಕ್ಕುಗಳ ಅಳತೆಗೆ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಕ್ವಾಲಿಟಿರೈಟ್ಸ್ ಎಂಬ ಸಾಧನವನ್ನು ಹೊರತಂದಿತು. ಗುಜರಾತಿನ ಸರಕಾರಿ ಸೇವೆಗಳಲ್ಲಿ ಅದನ್ನು ಬಳಸಿದಾಗ ಸೇವೆಯ ಗುಣಮಟ್ಟವೂ ಸಿಬ್ಬಂದಿಯ ಮನೋಭಾವವೂ ಸುಧಾರಿಸಿದವು ಎಂಬ ವರದಿ 2019ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವರೇ ಪರಿಶೀಲನಾ ತಂಡದಲ್ಲಿ ಕೂರುವುದು ಇದರ ಶಕ್ತಿ. ಸ್ವಂತ ಸಹಿಯಿಂದ ಸೇರಿದವರು ಎಷ್ಟು, ಬೇರೆಯವರ ಅರ್ಜಿಯ ಮೇಲೆ ಸೇರಿದವರು ಎಷ್ಟು, ಕೋಣೆಗೆ ಬೀಗ ಹಾಕಿದ್ದು ಎಷ್ಟು ಸಲ, ಮನೆಗೆ ಫೋನು ಮಾಡಲು ಬಿಟ್ಟರೇ ಎಂಬ ಪ್ರಶ್ನೆಗಳು ವ್ಯಸನಮುಕ್ತಿ ಕೇಂದ್ರಗಳಲ್ಲಿ ಅತ್ಯಗತ್ಯ. ಪ್ರಶ್ನೆ ಕೇಳುವವರು ಆ ಕೇಂದ್ರದ ಸಿಬ್ಬಂದಿ ಆಗಿರಬಾರದು. ಕೇಳುವುದು ಕುಂದಾಪ್ರ ಕನ್ನಡದಲ್ಲಿ, ಬ್ರಹ್ಮಾವರದ ದಕ್ಷಿಣಕ್ಕೆ ತುಳುವಿನಲ್ಲಿ, ಬೇಕಾದ ಮನೆಗಳಲ್ಲಿ ಕೊಂಕಣಿಯಲ್ಲಿ ಆಗಬೇಕು.

ದಾಖಲೆ ಮತ್ತು ಗೋಪ್ಯ

ಕರ್ನಾಟಕದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಗಳು ಮತ್ತು ಚಿಕಿತ್ಸಾ ದಾಖಲೆಗಳಿಗಾಗಿ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಇ-ಮಾನಸ್ ಎಂಬ ಗಣಕ ವ್ಯವಸ್ಥೆ 2020ರಲ್ಲಿ ಆರಂಭವಾಯಿತು. ಒಬ್ಬರ ದಾಖಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅವರ ಒಪ್ಪಿಗೆಯಿಂದ ಹೋಗುವಂತಾದರೆ ಬಿಡುಗಡೆಯ ನಂತರದ ಮರುಭೇಟಿಯ ಲೆಕ್ಕಕ್ಕೆ ಇದು ನೆಲೆಯಾಗಬಲ್ಲದು. ಹಳೆಯ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. 2018ಕ್ಕೆ ಮೊದಲಿನ ಕುಂದಾಪುರ ತಾಲೂಕಿನ ಸಂಖ್ಯೆಯಲ್ಲಿ ಬೈಂದೂರು ಸೇರಿದೆ, ಉಡುಪಿಯ ಸಂಖ್ಯೆಯಲ್ಲಿ ಕೋಟ, ಬಾರ್ಕೂರು, ಬ್ರಹ್ಮಾವರಗಳಿವೆ. ಕುಂದಾಪುರದಲ್ಲಿ ರೋಗಿಗಳು ಇಳಿದರು ಎಂಬ ತೀರ್ಮಾನ ಗಡಿ ಬದಲಾದದ್ದರ ಪರಿಣಾಮವಷ್ಟೇ ಆಗಿರಬಹುದು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಅಂಕಿಗಳನ್ನು ಇಟ್ಟುಕೊಂಡರೆ ಯಾವ ಗಡಿಗೂ ಮರುಜೋಡಿಸಬಹುದು.

ಪಂಚಾಯತಿ ಮಟ್ಟದ ಅಂಕಿಗೆ ಅದರದೇ ಅಪಾಯವಿದೆ. ಸಣ್ಣ ಊರಿನಲ್ಲಿ, ಇಂಥ ಜಾತಿಯ ಇಂಥ ವಯಸ್ಸಿನ ಒಬ್ಬ ಹೆಂಗಸು ಚಿಕಿತ್ಸೆಯಲ್ಲಿದ್ದಾಳೆ ಎಂದು ಅಚ್ಚಾದರೆ ಹೆಸರು ಬರೆಯುವ ಅಗತ್ಯವೇ ಇರುವುದಿಲ್ಲ. 2017ರ ಕಾಯ್ದೆ ಕಾಯಿಲೆಯ ವಿವರಗಳ ಗೋಪ್ಯವನ್ನು ಹಕ್ಕಾಗಿ ಕೊಟ್ಟಿದೆ. ಆದ್ದರಿಂದ ಪಂಚಾಯತಿಯ ಅಂಕಿ ಆರೋಗ್ಯ ಇಲಾಖೆಯ ಒಳಗೆ ಉಳಿಯಬೇಕು, ಹೊರಗೆ ಪ್ರಕಟಿಸುವಾಗ ಬೆರಳೆಣಿಕೆಯ ಸಂಖ್ಯೆಗಳನ್ನು ಅಕ್ಕಪಕ್ಕದ ಪಂಚಾಯತಿಗಳ ಜೊತೆ ಕೂಡಿಸಿ ತಾಲೂಕು ಮಟ್ಟದಲ್ಲಿ ಕೊಡಬೇಕು. ಮನೆಗೆ ಹೋಗಿ ವಿಚಾರಿಸುವ ಆಶಾ ಕಾರ್ಯಕರ್ತೆ ಅದೇ ಊರಿನವಳಾಗಿದ್ದು ಕುಟುಂಬಕ್ಕೆ ಅದು ಬೇಡವಾದರೆ, ಬೇರೆ ಊರಿನವರನ್ನು ಕಳಿಸಿ ಎಂದು ಕೇಳುವ ಅವಕಾಶವನ್ನೂ ಮೊದಲೇ ತಿಳಿಸಿರಬೇಕು.